ಉಗ್ರಾಣ ತುಂಬಿದೆ, ಜೋಡಣೆ ನಿಂತಿದೆ

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಪಾಠ ಕಲಿಸಿದ ಒಂದು ಘಟನೆಯಿಂದ ಶುರು ಮಾಡುತ್ತೇನೆ. ಅಲ್ಲಿ ನಾಲ್ಕು ವಾರಕ್ಕೊಮ್ಮೆ ಇನ್ನೂರು ಪಂಪುಗಳ ಒಂದು ಬ್ಯಾಚ್ ಜೋಡಿಸುತ್ತಿದ್ದರು. ಪಂಪಿಗೊಂದು ಶಾಫ್ಟ್, ಅಂದರೆ ವಾರಕ್ಕೆ ಸರಾಸರಿ 50. ಶಾಫ್ಟ್ ತಲುಪಲು ಮೂರು ವಾರ ಬೇಕಾಗಿದ್ದರಿಂದ, ದಾಸ್ತಾನು 150ಕ್ಕೆ ಇಳಿದ ಕೂಡಲೇ ಆರ್ಡರ್ ಹಾಕಬೇಕು ಎಂದು ಕಪಾಟಿನ ಕಾರ್ಡಿನ ಮೇಲೆ ಬರೆದಿತ್ತು. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಅಲ್ಲವೇ?

ಒಮ್ಮೆ ಕಪಾಟಿನಲ್ಲಿ 360 ಶಾಫ್ಟುಗಳಿದ್ದವು. ಜೋಡಣೆಗೆ 200 ಹೋದವು, 160 ಉಳಿದವು. ಮಿತಿಗಿಂತ ಹತ್ತು ಹೆಚ್ಚಿದ್ದ ಕಾರಣ ನಾನು ಆರ್ಡರ್ ಹಾಕಲಿಲ್ಲ. ಮುಂದಿನ ನಾಲ್ಕು ವಾರ ಆ ಕಪಾಟಿನಿಂದ ಒಂದು ಶಾಫ್ಟೂ ಹೊರಬೀಳಲಿಲ್ಲ. ದಿನವೂ ಕಾರ್ಡ್ ನೋಡುತ್ತಿದ್ದೆ, ದಿನವೂ 160. ಬ್ಯಾಚ್ ಶುರುವಾಗುವ ಬೆಳಿಗ್ಗೆ ಇನ್ನೂರು ಕೇಳಿದರು. ನಲವತ್ತು ಕಡಿಮೆ ಬಿದ್ದವು. ಸುತ್ತಲಿನ ಕಪಾಟುಗಳೆಲ್ಲ ತುಂಬಿ ತುಳುಕುತ್ತಿದ್ದಾಗಲೇ ಜೋಡಣೆ ನಿಂತುಹೋಯಿತು.

ನಾನು ನಿಯಮ ಮುರಿದಿರಲಿಲ್ಲ. ಆ ವಸ್ತುವಿಗೆ ಆ ನಿಯಮವೇ ಒಗ್ಗುತ್ತಿರಲಿಲ್ಲ. ಎಷ್ಟು ತರಿಸಬೇಕು ಎಂಬ ಸೂತ್ರಕ್ಕೆ ಕೈಹಾಕುವ ಮುನ್ನ, ಈ ವಸ್ತುವಿನ ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಿಕೊಳ್ಳಬೇಕು. ಗಿರಾಕಿ ಕೊಳ್ಳುವ ಪಂಪಿನ ಬೇಡಿಕೆಯನ್ನು ಅಂದಾಜು ಮಾಡದೆ ಗತ್ಯಂತರವಿಲ್ಲ; ಅದು ಸ್ವತಂತ್ರ ಬೇಡಿಕೆ. ಶಾಫ್ಟಿನದು ಪಂಪಿಗೆ ಅಂಟಿಕೊಂಡ, ಅವಲಂಬಿತ ಬೇಡಿಕೆ. ಪಂಪಿನ ಉತ್ಪಾದನಾ ಯೋಜನೆ ಕೈಯಲ್ಲಿದ್ದರೆ ಯಾವ ವಾರ ಎಷ್ಟು ಶಾಫ್ಟ್ ಬೇಕು ಎಂಬುದನ್ನು ಊಹಿಸುವ ಅಗತ್ಯವೇ ಇಲ್ಲ, ಕೂಡಿ ಕಳೆದರೆ ಸಾಕು. ಈ ಭೇದವನ್ನು ಉತ್ಪಾದನಾ ಯೋಜನೆಯ ತಜ್ಞ ಜೋಸೆಫ್ ಆರ್ಲಿಕಿ ಬಲವಾಗಿ ಮಂಡಿಸಿದರು. ಸಾಮಗ್ರಿ ಅಗತ್ಯ ಯೋಜನೆ, ಅಂದರೆ ಎಂಆರ್‌ಪಿ ಕುರಿತ ಅವರ ಪುಸ್ತಕ 1975ರಲ್ಲಿ ಬಂತು. ನನ್ನ ಕಾರ್ಡಿಗೆ ನಾಲ್ಕು ವಾರ ಕಾಣದಿದ್ದ ಕೊರತೆ ಯೋಜನಾ ವಿಭಾಗದ ಹಾಳೆಯಲ್ಲಿ ಮೊದಲ ದಿನವೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಒಂದು ಯಂತ್ರಕ್ಕೆ ಹತ್ತು ಬಿಡಿಭಾಗಗಳು ಬೇಕು, ಪ್ರತಿಯೊಂದೂ ಬೇಕೆಂದಾಗ ಸಿಗುವ ಸಾಧ್ಯತೆ ಶೇ. 95 ಎಂದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಉಗ್ರಾಣದವರು ಬೆನ್ನು ತಟ್ಟಿಕೊಳ್ಳಬಹುದು. ಆದರೆ ಒಂದಕ್ಕೊಂದು ಸಂಬಂಧವಿಲ್ಲದೆ ಕೊರತೆ ಬೀಳುವುದಾದರೆ, ಹತ್ತೂ ಒಟ್ಟಿಗೆ ಸಿಗುವ ಸಾಧ್ಯತೆ 0.95ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು ಶೇ. 60 ಮಾತ್ರ. ಆದ್ದರಿಂದ ಜೋಡಣೆಗೆ ಹೋಗುವ ಭಾಗಗಳನ್ನು ಒಂದೊಂದಾಗಿ ಕಾಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಸ್ವತಂತ್ರ ಬೇಡಿಕೆಯ ವಸ್ತುಗಳಿಗೆ ಹಳೆಯ ಸೂತ್ರ ಈಗಲೂ ಚೆನ್ನಾಗಿಯೇ ದುಡಿಯುತ್ತದೆ. 1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ವಿಟ್ಮನ್ ಹ್ಯಾರಿಸ್ ಕೊಟ್ಟ ಮಿತವ್ಯಯದ ಆರ್ಡರ್ ಪ್ರಮಾಣ ಅದು: ವರ್ಷದ ಬೇಡಿಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಎರಡರಷ್ಟು ಮಾಡಿ, ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ ವರ್ಗಮೂಲ ತೆಗೆಯುವುದು. ಆರ್ಡರಿನ ಖರ್ಚು ನಿಖರವಾಗಿ ಗೊತ್ತಿಲ್ಲವೆಂದು ಇದನ್ನು ಕೈಬಿಡುವವರಿದ್ದಾರೆ. ಹೆದರಬೇಕಿಲ್ಲ. ಸೂತ್ರ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ತರಿಸಿದರೂ ಈ ಎರಡು ಖರ್ಚುಗಳ ಮೊತ್ತ ಏರುವುದು ಸುಮಾರು ಶೇ. 8, ದುಪ್ಪಟ್ಟು ತರಿಸಿದರೆ ಶೇ. 25. ಹಾಗಾಗಿ ಬಂದ ಸಂಖ್ಯೆಯನ್ನು ಪೆಟ್ಟಿಗೆಯ ಲೆಕ್ಕಕ್ಕೋ ಲಾರಿಯ ಲೆಕ್ಕಕ್ಕೋ ಹೊಂದಿಸಿಕೊಳ್ಳಲು ಧಾರಾಳವಾಗಿ ಅವಕಾಶವಿದೆ.

ಎಷ್ಟು ತರಿಸಬೇಕು ಎಂಬುದರಲ್ಲಿರುವ ಈ ಸಡಿಲು ಯಾವಾಗ ತರಿಸಬೇಕು ಎಂಬುದರಲ್ಲಿ ಇಲ್ಲ. ದಿನಕ್ಕೆ ಸರಾಸರಿ 40 ಬೇರಿಂಗ್ ಖರ್ಚಾಗುತ್ತವೆ, ಅದರ ಏರಿಳಿತದ ಅಳತೆ, ಅಂದರೆ ಮಾನಕ ವಿಚಲನೆ, 10 ಎನ್ನೋಣ. ಸರಕು ಕರಾರುವಾಕ್ಕಾಗಿ ಒಂಬತ್ತು ದಿನಕ್ಕೆ ಬರುತ್ತದೆ. ಕಾಯುವ ಅವಧಿಯ ಬೇಡಿಕೆ 360, ಅದರ ವಿಚಲನೆ 10ನ್ನು ಒಂಬತ್ತರ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ 30. ಆ ಅವಧಿಯಲ್ಲಿ ಕೊರತೆ ಬೀಳದ ಭರವಸೆ ಶೇ. 95ರಷ್ಟು ಬೇಕೆಂದರೆ 30ನ್ನು ಆ ಭರವಸೆಗೆ ತಕ್ಕ 1.65ರಿಂದ ಗುಣಿಸಿ ಸುಮಾರು 50 ಬೇರಿಂಗುಗಳ ಸುರಕ್ಷಾ ದಾಸ್ತಾನು, ಅಂದರೆ ಆ 360ರ ಮೇಲೆ ಏರಿಳಿತಕ್ಕೆಂದು ಹೆಚ್ಚುವರಿ ಸಂಗ್ರಹ, ಇಟ್ಟರಾಯಿತು.

ಈಗ ಪೂರೈಕೆದಾರರು ಕೆಲವೊಮ್ಮೆ ಏಳು ದಿನಕ್ಕೆ, ಕೆಲವೊಮ್ಮೆ ಹನ್ನೊಂದು ದಿನಕ್ಕೆ ತರುತ್ತಾರೆ, ವಿಚಲನೆ ಎರಡು ದಿನ ಎಂದು ಇಟ್ಟುಕೊಳ್ಳಿ. ಸರಾಸರಿ ಅದೇ ಒಂಬತ್ತು. ಆದರೆ ಬೇಕಾಗುವ ಸುರಕ್ಷಾ ದಾಸ್ತಾನು 50ರಿಂದ 141ಕ್ಕೆ ಜಿಗಿಯುತ್ತದೆ. ಮಾರಾಟದ ಮುನ್ಸೂಚನೆಯನ್ನು ತಿದ್ದಿ ತೀಡಿ ದಿನದ ಏರಿಳಿತವನ್ನು ಅರ್ಧಕ್ಕೆ ಇಳಿಸಿದರೂ ಅದು 134ಕ್ಕಿಂತ ಕೆಳಗೆ ಬರುವುದಿಲ್ಲ. ಅದರ ಬದಲು ಸರಕು ತಲುಪುವ ದಿನದ ಏರಿಳಿತವನ್ನು ಎರಡರಿಂದ ಒಂದು ದಿನಕ್ಕೆ ತಂದರೆ 83 ಸಾಕು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮುನ್ಸೂಚನೆಯ ತಂತ್ರಾಂಶದ ಹಿಂದೆ ವ್ಯಯಿಸಿದ ತಿಂಗಳುಗಳು ನೆನಪಾದವು.

ಉಳಿದ ಪದ್ಧತಿಗಳಿಗೂ ಅವುಗಳದೇ ಜಾಗಗಳಿವೆ. ನಟ್ಟು, ಬೋಲ್ಟು, ವಾಷರುಗಳಿಗೆ ಎರಡು ಡಬ್ಬಿ ಸಾಕು. ಒಂದು ಬರಿದಾದಾಗ ಆರ್ಡರ್, ಅದು ಬರುವ ತನಕ ಇನ್ನೊಂದರಿಂದ ಬಳಕೆ. ಒಬ್ಬರಿಂದಲೇ ಹಲವು ವಸ್ತು ತರಿಸುವಾಗ ನಿಗದಿತ ದಿನಕ್ಕೊಮ್ಮೆ ಎಣಿಸಿ ಎಲ್ಲವನ್ನೂ ಒಟ್ಟಿಗೆ ಬರೆಯುವುದು ಲೇಸು, ಆದರೆ ಎರಡು ಎಣಿಕೆಗಳ ನಡುವಿನ ದಿನಗಳಿಗೂ ಸುರಕ್ಷಾ ದಾಸ್ತಾನು ಬೇಕು. ವರ್ಷಕ್ಕೆ ಒಂದೋ ಎರಡೋ ಬೇಕಾಗುವ ದುಬಾರಿ ಭಾಗವಾದರೆ, ಒಂದು ಹೋದಾಗ ಒಂದು ತರಿಸಿದರೆ ಆಯಿತು. ಟೊಯೋಟಾದಲ್ಲಿ ತೈಚಿ ಓನೊ ಬೆಳೆಸಿದ, ಬಳಸಿದಷ್ಟನ್ನೇ ಮತ್ತೆ ತರಿಸಲು ಹೇಳುವ ಕಾನ್‌ಬಾನ್ ಕಾರ್ಡುಗಳನ್ನು ನಾನು ಬಹಳ ಮೆಚ್ಚುತ್ತೇನೆ, ಆದರೆ ಅವು ಉತ್ಪಾದನೆ ದಿನವೂ ಹೆಚ್ಚುಕಡಿಮೆ ಒಂದೇ ಹದದಲ್ಲಿ ನಡೆಯಬೇಕೆಂದು ಬೇಡುತ್ತವೆ. ನಾಲ್ಕು ವಾರಕ್ಕೊಮ್ಮೆ ಇನ್ನೂರು ಶಾಫ್ಟ್ ಎತ್ತುವ ಕಡೆ ಆ ಕಾರ್ಡೂ ನನ್ನ ಹಳೆಯ ಕಾರ್ಡಿನಂತೆಯೇ ಮೂಕವಾಗಿ ತೂಗಾಡುತ್ತಿರುತ್ತದೆ.

ಸಲಹೆ ಕೇಳಿ ಯಾರಾದರೂ ಕರೆದರೆ ನಾನು ಮೊದಲು ಕೇಳುವುದು ಎರಡು ಕಾಗದಗಳನ್ನು. ಒಂದು, ಮುಂದಿನ ಎಂಟು ವಾರಗಳ ಉತ್ಪಾದನಾ ಯೋಜನೆ. ಇನ್ನೊಂದು, ಹಿಂದಿನ ಹನ್ನೆರಡು ಆರ್ಡರುಗಳನ್ನು ಹಾಕಿದ ಮತ್ತು ಸರಕು ನಿಜವಾಗಿ ಬಾಗಿಲಿಗೆ ಬಂದ ದಿನಾಂಕಗಳು. ಕಂಪ್ಯೂಟರಿನಲ್ಲಿ ‘9 ದಿನ’ ಎಂದು ಎಂದೋ ತುಂಬಿಸಿಟ್ಟ ಅಂಕಿ ನನಗೆ ಬೇಡ. ಗೇಟಿನ ನೋಂದಣಿ ಪುಸ್ತಕವನ್ನೇ ತನ್ನಿ ಎನ್ನುತ್ತೇನೆ.