ಅಕ್ಕನ ಹೆಸರು ಸಾವು

ಕೇಳುಗರೆಲ್ಲರಿಗೂ ನಮಸ್ಕಾರ.

ಕಪ್ಪು ಬಟ್ಟೆ ತೊಟ್ಟ, ಬಿಳಿಚಿಕೊಂಡ ಮುಖದವನೊಬ್ಬ ಕೂತು ಪಾರಿವಾಳಗಳಿಗೆ ಬ್ರೆಡ್ಡು ಹಾಕುತ್ತಿದ್ದಾನೆ. ಮುಖದಲ್ಲಿ ಕಳೆಯೇ ಇಲ್ಲ. ಹುಡುಗಿಯೊಬ್ಬಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳದೂ ಕಪ್ಪು ಬಟ್ಟೆಯೇ. ಕೊರಳಲ್ಲಿ ಆಂಖ್, ಹಳೆಯ ಈಜಿಪ್ಟಿನವರು ಜೀವಕ್ಕೆ ಇಟ್ಟುಕೊಂಡಿದ್ದ ಗುರುತು. ಏನಾಯ್ತು ಅಂತ ಕೇಳುತ್ತಾಳೆ. ಅವನು ಗೋಳು ತೋಡಿಕೊಳ್ಳುತ್ತಾನೆ. ಕೇಳಿ ಕೇಳಿ ಅವಳಿಗೆ ಸಿಟ್ಟು ಬರುತ್ತದೆ. ಬ್ರೆಡ್ಡನ್ನೇ ಎತ್ತಿ ಅವನ ಮೇಲೆ ಎಸೆದು, ಚೆನ್ನಾಗಿ ಬೈದು, ಆಮೇಲೆ ತನ್ನ ಕೆಲಸಕ್ಕೆ ಜೊತೆಗೆ ಕರೆದುಕೊಂಡು ಹೋಗುತ್ತಾಳೆ.

ಅವನ ಹೆಸರು ಕನಸು. ಅವಳ ಹೆಸರು ಸಾವು. ಅವನಿಗೆ ಅವಳು ಅಕ್ಕ.

ಇದು ನೀಲ್ ಗೇಮನ್ ಬರೆದ 'ಸ್ಯಾಂಡ್‌ಮನ್' ಚಿತ್ರಕಾದಂಬರಿಯ ಎಂಟನೇ ಸಂಚಿಕೆ. 1989ರಿಂದ 1996ರವರೆಗೆ ಅಮೆರಿಕದ ಡಿ.ಸಿ. ಕಾಮಿಕ್ಸ್ ಇದನ್ನು 75 ಸಂಚಿಕೆಗಳಲ್ಲಿ ತಂದಿತು. ಕಥೆ ಒಂದು ಮನೆಯ ಏಳು ಜನರದು. ವಿಧಿ, ಸಾವು, ಕನಸು, ನಾಶ, ಆಸೆ, ಹತಾಶೆ, ಕೊನೆಯವಳು ಭ್ರಮೆ. ಇವರು ದೇವರುಗಳಲ್ಲ, ದೇವರುಗಳಿಗಿಂತ ಹಳಬರು. ಆದರೆ ಒಟ್ಟಿಗೆ ಕೂತರೆ ಎಲ್ಲ ಮನೆಗಳ ಹಾಗೇ. ಹಳೆಯ ಮುನಿಸು, ಚುಚ್ಚುಮಾತು, ಮನೆ ಬಿಟ್ಟು ಹೋದ ಒಬ್ಬ.

ಆ ಎಂಟನೇ ಸಂಚಿಕೆಗೆ ನಾನು ಮತ್ತೆ ಮತ್ತೆ ಮರಳುತ್ತೇನೆ. ಅಕ್ಕ ಮೊದಲು ಒಬ್ಬ ಮುದುಕನ ಕೋಣೆಗೆ ಹೋಗುತ್ತಾಳೆ. ಅವನು ಪಿಟೀಲು ನುಡಿಸುತ್ತಿರುತ್ತಾನೆ. ಅವಳ ಗುರುತು ಹತ್ತಿದ ಮೇಲೆ, ಪ್ರಾರ್ಥನೆ ಹೇಳಿಕೊಳ್ಳುವಷ್ಟು ಹೊತ್ತು ಅವನಿಗೆ ಸಿಗುತ್ತದೆ. ಆಮೇಲೆ ಒಂದು ತೊಟ್ಟಿಲು. ಇಷ್ಟೇನಾ, ನನಗೆ ಸಿಕ್ಕಿದ್ದು ಇಷ್ಟೇನಾ ಅಂತ ಕೂಸು ಕೇಳುತ್ತದೆ. ಹೌದು ಕಂದ, ಇಷ್ಟೇ ಅನ್ನುತ್ತಾಳೆ. ಸಮಾಧಾನದ ಸುಳ್ಳು ಹೇಳುವುದಿಲ್ಲ. ಕೂಸನ್ನು ಎತ್ತಿಕೊಳ್ಳುತ್ತಾಳೆ, ಅಷ್ಟೆ. ಸಾವನ್ನು ಹೀಗೆ ಕಾಣಿಸಬಹುದು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಇನ್ನು ಸಾಯಲು ಒಪ್ಪದ ಮನುಷ್ಯನ ಕಥೆ. 1389, ಇಂಗ್ಲೆಂಡಿನ ಒಂದು ಹೆಂಡದಂಗಡಿ. ಹಾಬ್ ಗ್ಯಾಡ್ಲಿಂಗ್ ಅನ್ನುವ ಸಿಪಾಯಿ, ಎಲ್ಲರೂ ಸಾಯುತ್ತಾರೆ ಅಂತ ಜನ ತಾವೂ ಸಾಯುತ್ತಾರೆ, ನಾನು ಸಾಯೋಲ್ಲ ಅಂತ ಬಡಾಯಿ ಕೊಚ್ಚುತ್ತಾನೆ. ಅಕ್ಕ ಒಪ್ಪಿಬಿಡುತ್ತಾಳೆ. ನೂರು ವರ್ಷಕ್ಕೊಮ್ಮೆ ಅದೇ ಅಂಗಡಿಯಲ್ಲಿ ಸಿಗೋಣ ಅಂತ ಕನಸು ಹೇಳುತ್ತಾನೆ. 1589ರಲ್ಲಿ ಹಾಬ್ ದೊಡ್ಡ ಸಾಹುಕಾರ. 1689ರಲ್ಲಿ ಹೆಂಡತಿ ಇಲ್ಲ, ಮಗ ಇಲ್ಲ, ಭಿಕ್ಷುಕ. ಸಾಕಾಯ್ತಾ ಅಂತ ಕೇಳಿದರೆ, ಸಾಕು ಅನ್ನುವುದಿಲ್ಲ. ಬದುಕೋಕೆ ಇನ್ನೂ ಎಷ್ಟೊಂದಿದೆ ಅನ್ನುತ್ತಾನೆ. 1889ರಲ್ಲಿ, ನೀನು ಬರುವುದು ಗೆಳೆತನಕ್ಕೆ, ನೀನು ಒಂಟಿ ಅಂತ ಕನಸಿಗೇ ಹೇಳಿಬಿಡುತ್ತಾನೆ. ಕನಸು ರೇಗಿ ಎದ್ದು ಹೋಗುತ್ತಾನೆ. ಆದರೂ 1989ರಲ್ಲಿ ವಾಪಸ್ ಬಂದು ಎದುರಿಗೆ ಕೂರುತ್ತಾನೆ. ಗೆಳೆಯರನ್ನು ಕಾಯಿಸಬಾರದು ಅಂತ ಕೇಳಿದ್ದೇನೆ ಅನ್ನುತ್ತಾನೆ. ಹಾಬ್ ಬದುಕಿ ಉಳಿದದ್ದು ಪ್ರತಿ ಸಲ ಹೊಸಬನಾದ್ದರಿಂದ. ಕನಸಿಗೆ ಒಂದು ಹೆಜ್ಜೆ ಇಡೋಕೆ ನೂರು ವರ್ಷ ಬೇಕಾಯಿತು, ಅಲ್ವಾ?

ಇಲ್ಲೇ ಈ ಕಥೆಯ ಜೀವ ಇದೆ ಅಂತ ನನ್ನ ನಂಬಿಕೆ. ಸಾವಿಲ್ಲದವರಿಗೆ ಕಷ್ಟವಾಗುವುದು ಸಾವಲ್ಲ, ಬದಲಾಗುವುದು. ಕೊನೆಯ ತಂಗಿಯ ಹೆಸರು ಒಂದು ಕಾಲಕ್ಕೆ ಆನಂದ ಅಂತಿತ್ತು. ಈಗ ಭ್ರಮೆ. ಅವಳ ಒಂದು ಕಣ್ಣು ನೀಲಿ, ಇನ್ನೊಂದು ಹಸಿರು. ಅವಳ ಮಾತಿನ ಗುಳ್ಳೆಗಳನ್ನು ಗಮನಿಸಿ: ಬಣ್ಣ ಕಲಸಿಹೋಗಿರುತ್ತದೆ, ಅಕ್ಷರ ಸೊಟ್ಟಪಟ್ಟ ಓಡುತ್ತದೆ. ಅಣ್ಣ ಕನಸಿನ ಮಾತಿಗೆ ಕಪ್ಪು ಗುಳ್ಳೆ, ಬಿಳಿ ಅಕ್ಷರ. ಅಕ್ಷರ ಬರೆದ ಟಾಡ್ ಕ್ಲೈನ್ ಅವರ ಕೈಚಳಕ ಇದು. ಯಾರ ದನಿ ಅಂತ ನೋಡಿದ ಕೂಡಲೇ ಕಿವಿಗೆ ಕೇಳಿಸುತ್ತದೆ.

ಆ ತಂಗಿಗೇ ಮನೆ ಬಿಟ್ಟುಹೋದ ಅಣ್ಣನನ್ನು ಹುಡುಕುವ ಹಂಬಲ. ಅವನು ನಾಶ. ಮನುಷ್ಯರ ಬುದ್ಧಿ ಮುಂದೆ ಎಂಥ ಬೆಂಕಿ ಹಚ್ಚುತ್ತದೆ ಅಂತ ಮೊದಲೇ ಕಂಡು, ಕೆಲಸ ಬಿಟ್ಟು ಹೊರಟವನು. ಈಗ ಸುಮ್ನೆ ಚಿತ್ರ ಬಿಡಿಸುತ್ತಾ, ಅಡುಗೆ ಮಾಡುತ್ತಾ ಇದ್ದಾನೆ. ಎರಡೂ ಅಷ್ಟೇನೂ ಚೆನ್ನಾಗಿ ಬರುವುದಿಲ್ಲ. ಆದರೂ ಏಳು ಜನರಲ್ಲಿ ಹಗುರಾಗಿ ಉಸಿರಾಡುವವನು ಅವನೊಬ್ಬನೇ ಅಂತ ನನಗೆ ಅನ್ನಿಸುತ್ತದೆ.

ಕನಸಿಗೆ ಹಾಗೆ ಬಿಟ್ಟು ಹೋಗಲು ಆಗುವುದಿಲ್ಲ. ಮಗನೇ ಬೇಡಿಕೊಂಡ ಸಾವನ್ನು ಮಗನಿಗೆ ಕೊಡುತ್ತಾನೆ. ಅದಕ್ಕೆ ತನ್ನ ಜೀವವನ್ನೇ ತೆರಬೇಕಾಗುತ್ತದೆ. ಬಂಡೆಯ ತುದಿಯಲ್ಲಿ ಅಕ್ಕ ಅವನ ಪಕ್ಕ ಕೂರುತ್ತಾಳೆ. ಈ ಸಲವೂ ಬೈಯುತ್ತಾಳೆ. ಬೇಕು ಅಂತಲೇ ಇಲ್ಲಿಗೆ ಬಂದೆ, ಅಲ್ವಾ ಅನ್ನುತ್ತಾಳೆ. ಆಮೇಲೆ ಕೈ ಕೊಡು ಅಂತ ಕೇಳುತ್ತಾಳೆ. ಅವನು ಕೈ ಚಾಚುತ್ತಾನೆ.

ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಅವನೂ ಕನಸೇ. ಆದರೆ ಇವನ ಬಟ್ಟೆ ಬಿಳಿ, ಕೂದಲೂ ಬಿಳಿ. ಹಳೆಯವನ ಶೋಕದ ಮನೆಯಲ್ಲಿ ಎಲ್ಲರೂ ಅತ್ತು ಮುಗಿಸಿದ ಮೇಲೆ, ಆ ಒಡಹುಟ್ಟಿದವರನ್ನು ಮೊದಲ ಸಲ ನೋಡಲು ಅವನು ಹೊರಡುತ್ತಾನೆ.