ಅಜ್ಜಿ ಟ್ರಂಕಿನಿಂದ ಶುರುವಾದ ನಮ್ಮ ಮನಿ ಸ್ಕ್ರ್ಯಾಪ್‌ಬುಕ್

ಇದು ಕೊಪ್ಪಳದಾಗಿನ ನಮ್ಮ ಮನಿ. ಪಡಸಾಲ್ಯಾಗ ಅಜ್ಜಿ ಕುಂತಾಳ, ಮುಂದ ಆಕಿ ತವರಿನಿಂದ ತಂದ ಟ್ರಂಕು. ಸ್ಕ್ರ್ಯಾಪ್‌ಬುಕ್ ಅಂದ್ರ ಬಣ್ಣದ ಹಾಳಿ, ಸ್ಟಿಕ್ಕರ್, ಅಂಟು ಅಂತ ನಾನೂ ಎಲ್ಲಾ ತಂದಿಟ್ಟಿದ್ದೆ. ಒಂದು ವಾರ ಆತು, ಅಂಟಿನ ಡಬ್ಬಿ ಇನ್ನೂ ತೆಗದಿಲ್ಲ. ಮೊದಲು ಬೇಕಾಗಿದ್ದು ಒಂದು ಪೆನ್ಸಿಲ್, ಮತ್ತ ಅಜ್ಜಿ ಹತ್ರ ಕುಂದ್ರಾಕ ಟೈಮು.

ಈ ಕಪ್ಪು-ಬಿಳಿ ಫೋಟೊ ನೋಡ್ರಿ, ಅಂಗೈಯಷ್ಟ ಐತಿ. ಅಜ್ಜ-ಅಜ್ಜಿ ಲಗ್ನ ಆದ ವರ್ಷ ಟಿ.ಬಿ. ಡ್ಯಾಮ್, ಅಂದ್ರ ತುಂಗಭದ್ರಾ ಅಣೆಕಟ್ಟು, ನೋಡಾಕ ಹೋದಾಗಿಂದು. ಡ್ಯಾಮ್ ಮುಗದಿದ್ದು 1953ರಾಗ, ಆಗಿನ ಹೊಸ ಜೋಡಿಗೆ ಅದ ದೊಡ್ಡ ಪ್ರವಾಸ. ಹಿಂದ ಒಂದಕ್ಷರ ಇಲ್ಲ. "ಅಜ್ಜಿ, ಎಷ್ಟು ಚಂದ ಸೀರಿ ಉಟ್ಟೀಯಲ್ಲ" ಅಂದೆ.

"ಅದು ನಂದಲ್ಲ ಯವ್ವಾ, ನಮ್ಮ ನೆಗೆಣ್ಣೀದು. ಫೋಟೊ ತಗಸಾಕ ಹೊಂಟೀವಿ ಅಂತ ತನ್ನ ಇಳಕಲ್ ಸೀರಿ ತಾನ ಉಡಿಸಿ ಕಳಿಸಿದ್ಲು. ಕೆಂಪು ಸೆರಗು, ಮೈಯೆಲ್ಲಾ ಗಿಳಿ ಹಸಿರು."

ಇಷ್ಟು ವರ್ಷ ನಾವ್ಯಾರೂ ಕೇಳಿದ್ದಿಲ್ಲ, ಆಕಿನೂ ಹೇಳಿದ್ದಿಲ್ಲ. ಫೋಟೊ ಹಿಂದ ಅಂಚಿನ ಕಡೆ ಬರಕೊಂಡೆ. ನೀವೂ ಬರಿಯಾಕ ಮೆತ್ತನ್ನ ಪೆನ್ಸಿಲ್ಲ ತಗೋರಿ, ಹಗುರಕ್ಕ ಬರೀರಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮಗ್ಗಲಕ್ಕ ಮೂಡ್ತೈತಿ.

ಟ್ರಂಕಿನ ತಳದಾಗ ಅಜ್ಜನ ಸಾಲಿ ಸರ್ಟಿಫಿಕೇಟ್ ಸಿಕ್ತು, ಪೂರ್ತಿ ಉರ್ದು! 1948ರ ಸೆಪ್ಟೆಂಬರ್ ತನಕ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇತ್ತಲ್ಲ, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಓಣ್ಯಾಗಿನ ಉರ್ದು ಮಾಸ್ತರ್ರು ಒಂದೊಂದ ಸಾಲು ಓದಿ ಹೇಳಿದ್ರು, ಅಪ್ಪ ಪಕ್ಕದಾಗ ನಿಂತು ತಮ್ಮ ಅಪ್ಪನ ಹುಟ್ಟಿದ ತಾರೀಖು ಮೊದಲನೇ ಸಲ ಕೇಳಿದ್ರು. ರಾಯಚೂರು, ಕೊಪ್ಪಳ ಕಡೆ ಹಳೇ ಮನ್ಯಾಗ ಇಂಥಾ ಕಾಗದ ಸಿಕ್ರ ದಯವಿಟ್ಟು ರದ್ದಿಗೆ ಹಾಕಬ್ಯಾಡ್ರಿ. 600 ಡಿಪಿಐನಾಗ (ಡಿಪಿಐ ಅಂದ್ರ ಸ್ಕ್ಯಾನ್ ಎಷ್ಟು ನಿಚ್ಚಳ ಅನ್ನೋ ಅಳತಿ) ಸ್ಕ್ಯಾನ್ ಮಾಡಿ ಪ್ರಿಂಟ್ ತಗಸ್ರಿ. ಪುಸ್ತಕಕ್ಕ ಪ್ರಿಂಟ್ ಸಾಕು, ಅಸಲು ಹಂಗ ಇರಲಿ.

ಅಂಟು ಹಾಳಿ ಮ್ಯಾಲ ಪ್ಲಾಸ್ಟಿಕ್ ಇರೋ ಹಳೇ ಆಲ್ಬಮ್ ನಿಮ್ಮಲ್ಲೂ ಇರಬಹುದು. ಚಿಗವ್ವನ ಲಗ್ನದ ಫೋಟೊ ಅದರಾಗಿಂದ ನಾನು ಅವಸರದಾಗ ಎಳದೆ. ಮೂಲಿ ಹರದು ಆಕಿ ಹಸಿರು ಬಳಿ ಹಾಳ್ಯಾಗ ಉಳದ್ವು. ಭಾಳ ಸಂಕಟ ಆತು. ಈಗ ಮೊದಲು ಇದ್ದಂಗ ಮೊಬೈಲಿನಾಗ ಫೋಟೊ ತಗೋತೀನಿ, ಆಮ್ಯಾಲ ಮೇಣ ಇಲ್ಲದ ಡೆಂಟಲ್ ಫ್ಲಾಸ್ ದಾರ ಮೂಲಿಯಿಂದ ಹಾಕಿ ಗರಗಸದಂಗ ಹಗುರಕ್ಕ ಆಡಸ್ತೀನಿ. ಬರಲಿಲ್ಲಂದ್ರ ಬಿಟ್ಟುಬಿಡೋದು.

ಹಾಳಿ ಆಸಿಡ್-ಫ್ರೀ (ಆಮ್ಲ ಇಲ್ಲದ್ದು) ಇರ್ಲಿ, ಸೆಲ್ಲೋಟೇಪ್ ಬ್ಯಾಡ, ಫೋಟೊ ಕೂರಸಾಕ ಅದರ ತುದಿ ಸಿಗಸೋ ಕಾಗದದ ಮೂಲಿ ಸಾಕು. ನಮ್ಮ ಬ್ಯಾಸಗಿ ನಿಮಗ ಗೊತ್ತ ಐತಿ, ಅಟ್ಟದ ಮ್ಯಾಲಂತೂ ಇಡಬ್ಯಾಡ್ರಿ.

ನಿನ್ನೆ ಮುಂಜಾನೆ ಅಜ್ಜಿ ಕೂಗಿದ್ಲು. ಹಳೇ ಕೌದಿ ಹಾಸಿಕೊಂಡು ಕುಂತಿದ್ಲು, ಬೆರಳು ಒಂದು ಚೌಕದ ಮ್ಯಾಲ. "ಇಲ್ನೋಡು, ನೆಗೆಣ್ಣಿ ಸೀರಿ." ತೊಳದೂ ತೊಳದೂ ಬೂದಿಯಂಗ ಆಗೈತಿ. ಹೊಲಿಗಿ ಬಿಟ್ಟ ಕಡೆ ಅಂಚು ಸರಸಿದೆ, ಮಡಚಿದ್ದರ ಒಳಗ ಗಿಳಿ ಹಸಿರು ಹಂಗ ಐತಿ.

ಕತ್ತರಿಸಲಿಲ್ಲ, ಅದರ ಫೋಟೊ ತಗೊಂಡೆ. ಮೊದಲನೇ ಪುಟದಾಗ ಡ್ಯಾಮಿನ ಫೋಟೊ ಮಗ್ಗಲಕ್ಕ ಅದನ್ನ ಇಟ್ಟೀನಿ. ಕೆಳಗ ನೆಗೆಣ್ಣಿ ಹೆಸರು ಅಜ್ಜಿನ ಬರದಾಳ.