ಹಂಡೆಯ ಮುಚ್ಚಳ ಮತ್ತು ಚಳಿಗಾಲದ ಬಿಸಿನೀರು

ಕೇಳುಗರಿಗೆ ನಮಸ್ಕಾರ. ದೀಪಾವಳಿಗೆ ನೀರು ತುಂಬುವ ದಿನ ನಮ್ಮ ಕರಾವಳಿಯ ಮನೆಗಳಲ್ಲಿ ಬಚ್ಚಲಿನ ಹಂಡೆಯನ್ನು ತಿಕ್ಕಿ ಬೆಳಗಿಸಿ, ಅದರ ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುತ್ತೇವೆ. ಅದರ ಮುಚ್ಚಳಕ್ಕೆ ಮಾತ್ರ ಅಷ್ಟು ಆರೈಕೆ ಸಿಗುವುದಿಲ್ಲ. ಧನುರ್ಮಾಸದ ಮುಂಜಾವಿನಲ್ಲಿ ಮಂಗಳೂರು, ಉಡುಪಿಗಳ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಘಟ್ಟದ ಬುಡದ ಕಾರ್ಕಳ, ಬೆಳ್ತಂಗಡಿಗಳ ಕಡೆ ಚಳಿ ಇನ್ನಷ್ಟು. ರಾತ್ರಿ ಕಾಯಿಸಿಟ್ಟ ನೀರು ಬೆಳಗಾಗುವಾಗ ಆರಿಹೋಗಿದ್ದರೆ, ಒಲೆಗೆ ಮತ್ತೆ ಮಡಲು, ಗೆರಟೆಗಳನ್ನು ತುಂಬುವ ಮೊದಲು ಮುಚ್ಚಳವನ್ನು ಪರೀಕ್ಷಿಸಬೇಕೆಂದು ನಾನು ಹೇಳುತ್ತೇನೆ.

ತೆರೆದ ಹಂಡೆಯ ಬಿಸಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕದಿಯುವುದು ಆವಿ. 1 ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. 60 ಲೀಟರಿನ ಹಂಡೆಯಲ್ಲಿ ಉಳಿದ ನೀರಿನ ಬಿಸಿ ಅಷ್ಟರಿಂದಲೇ 9 ಡಿಗ್ರಿಯಷ್ಟು ಕುಸಿಯುತ್ತದೆ. ಆದುದರಿಂದ ಮುಚ್ಚಳದ ಮೊದಲ ಕೆಲಸ ಆವಿಯನ್ನು ತಡೆಯುವುದು. ಅಂಚು ನೆಗ್ಗಿ, ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿರುವ ತಾಮ್ರದ ಮುಚ್ಚಳದ ಮೇಲೆ ಎಷ್ಟು ಗೋಣಿ ಹೊದಿಸಿದರೂ ಪ್ರಯೋಜನ ಕಡಿಮೆ. ಮೊದಲು ಅಂಚನ್ನು ತಟ್ಟಿ ಸರಿಪಡಿಸಿಕೊಳ್ಳಿ.

ಆ ಮೇಲೆ ಹೊದಿಕೆಯ ವಿಚಾರ. ತಾಮ್ರವು ಶಾಖವನ್ನು ಅತ್ಯಂತ ಸುಲಭವಾಗಿ ಹರಿಯಗೊಡುವ ಲೋಹವಾದ್ದರಿಂದ ಬರಿಯ ಮುಚ್ಚಳ ಸಾಲದು, ಅದರ ಮೇಲೊಂದು ದಪ್ಪನೆಯ ಪದರ ಬೇಕು. ಗೋಣಿಯಾಗಲಿ ತೆಂಗಿನ ನಾರಾಗಲಿ ಬಿಸಿಯನ್ನು ಹಿಡಿದಿಡುವುದು ತಮ್ಮ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಎಡೆಗಳಲ್ಲಿ ನೀರು ತುಂಬಿತೆಂದರೆ ಹೊದಿಕೆಯ ಗುಣವೇ ಕೆಡುತ್ತದೆ, ಏಕೆಂದರೆ ನೀರು ನಿಶ್ಚಲವಾದ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖವನ್ನು ಹರಿಸುತ್ತದೆ. ಹಿಮ ಬೀಳುವ ದೇಶಗಳಲ್ಲಿ ಮನೆಯಂಗಳದ ಬಿಸಿನೀರಿನ ತೊಟ್ಟಿಗಳಿಗೆ ಥರ್ಮೋಕೋಲಿನಂಥ ಹಲಗೆಯನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಹೊಲಿದು ಮುಚ್ಚಳ ಮಾಡುತ್ತಾರೆ. ಆ ಪ್ಲಾಸ್ಟಿಕ್ ಎಲ್ಲಾದರೂ ಹರಿದರೆ ಆವಿ ಒಳಗೆ ಸೇರಿ, ಮುಚ್ಚಳ ಎತ್ತಲಾಗದಷ್ಟು ಭಾರವಾಗುತ್ತದೆ, ಬಿಸಿಯನ್ನೂ ತಡೆಯುವುದಿಲ್ಲ. ನಮ್ಮ ಬಚ್ಚಲಿನಲ್ಲಿ ದಿನಗಟ್ಟಲೆ ಒದ್ದೆಯಾಗಿ ಬಿದ್ದಿರುವ ಗೋಣಿಯದೂ ಇದೇ ಅವಸ್ಥೆ.

ಹಾಗಾಗಿ ಗೋಣಿಚೀಲದಲ್ಲಿ ಒಣಗಿದ ತೆಂಗಿನ ನಾರನ್ನು ನಾಲ್ಕು ಬೆರಳು ದಪ್ಪಕ್ಕೆ ತುಂಬಿ ಹೊಲಿದುಕೊಳ್ಳಿ. ಮುಚ್ಚಳಕ್ಕೂ ಈ ದಿಂಬಿಗೂ ನಡುವೆ ಅಗಲವಾದೊಂದು ಅಡಿಕೆ ಹಾಳೆಯನ್ನು, ಅದರ ನುಣುಪಾದ ಒಳಮೈ ಕೆಳಗಾಗುವಂತೆ ಇಡಿ. ಹಾಳೆ ಆವಿಯನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಹಾಳಾದರೆ ತೋಟದಲ್ಲಿ ಇನ್ನೊಂದು ಸಿಗುತ್ತದೆ. ಎಲ್ಲರ ಸ್ನಾನ ಮುಗಿದ ಮೇಲೆ ದಿಂಬನ್ನು ಅಲ್ಲೇ ಮೂಲೆಗೆ ಹಾಕದೆ ಅಂಗಳದ ಬಿಸಿಲಿಗೆ ಒಡ್ಡಬೇಕು. ಒಂದು ದಿನವೂ ತಪ್ಪಿಸಬಾರದ ಕೆಲಸವೆಂದರೆ ಇದೇ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಒಲೆ ಉರಿಯುತ್ತಿರುವಾಗ ಈ ಹೊದಿಕೆಯನ್ನು ಹಾಕಲೇಬಾರದು. ನಾರು, ಗೋಣಿ ಎರಡೂ ಕಿಡಿ ತಗಲಿದರೆ ಹೊತ್ತಿಕೊಳ್ಳುವ ವಸ್ತುಗಳು. ಥರ್ಮೋಕೋಲ್ ಅಂತೂ ಕುದಿಯುವ ನೀರಿನ ಆವಿಗೇ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಬೆಂಕಿ ತಗಲಿದರೆ ಕರಿಹೊಗೆ ಕಾರುತ್ತದೆ. ನೀರು ಕುದಿಯುವಾಗ ಮುಚ್ಚಳವನ್ನು ತುಸು ಓರೆ ಮಾಡಿಟ್ಟು, ಉರಿ ಆರಿದ ಬಳಿಕ ಸರಿಯಾಗಿ ಮುಚ್ಚಿ, ಆಮೇಲೆ ದಿಂಬನ್ನು ಇಡಿ.

ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ತಾಮ್ರ ಬೇಗ ಕಿಲುಬು ಹಿಡಿಯುತ್ತದೆ, ಮುಚ್ಚಳದ ಒಳಮೈಯಲ್ಲಿ ವಿಶೇಷವಾಗಿ. ಹುಣಸೆಹುಳಿ ಅಥವಾ ಬಿಂಬುಳಿಯಿಂದ ತಿಕ್ಕಿದ ಮೇಲೆ ಹುಳಿಯ ಅಂಶ ಉಳಿಯದಂತೆ ಧಾರಾಳ ನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರಸಿ.

ಇನ್ನು ಹಂಡೆಯಿಲ್ಲದೆ ತಾರಸಿಯಲ್ಲಿ ಸೋಲಾರ್ ಹಾಕಿಸಿಕೊಂಡವರು, ಬಿಸಿನೀರು ಕೆಳಗಿಳಿಯುವ ಪೈಪಿಗೆ ತೊಡಿಸಿದ ಕಪ್ಪು ಸ್ಪಂಜಿನ ಕೊಳವೆಯನ್ನು ಮಳೆಗಾಲ ಕಳೆದೊಡನೆ ಮುಟ್ಟಿ ನೋಡಬೇಕು. ಬಿಸಿಲಿಗೆ ಬಿರಿದು ಪುಡಿಯಾಗುತ್ತಿದ್ದರೆ ಅಥವಾ ಹಿಂಡಿದಾಗ ನೀರು ಬಂದರೆ ಅದನ್ನು ಬದಲಾಯಿಸಿ, ಹೊಸದರ ಮೇಲೆ ಬಿಸಿಲು ನೇರವಾಗಿ ಬೀಳದಂತೆ ಟೇಪು ಸುತ್ತಿಸಿ.